ಸಂಜೆ ಆರರ ಮೇಲೆ ಆಟ ಒಳಗೆ

ಸಾಕಿದ ನಾಯಿ ಬೆಕ್ಕುಗಳ ಬಗ್ಗೆ, ಅವುಗಳಿಗಾಗಿ ಮನೆಯಲ್ಲೇ ಮಾಡಿಕೊಳ್ಳಬಹುದಾದ ಸಣ್ಣಪುಟ್ಟ ಮರಗೆಲಸದ ಬಗ್ಗೆ ಮಾತಾಡಿ ಅಂತ ನನ್ನನ್ನು ಕರೆದಿದ್ದಾರೆ. ಮೈಸೂರಲ್ಲೋ ಬೆಂಗಳೂರಲ್ಲೋ ಇದ್ದಿದ್ದರೆ ಇದು ಬಿಡುವಿನ ಹೊತ್ತಿನ ಹವ್ಯಾಸದ ಮಾತಾಗುತ್ತಿತ್ತು. ನಾನಿರುವುದು ನೀಲಗಿರಿಯ ಅವಲಾಂಚ್ ಕಡೆ. ಇಲ್ಲಿ ನಾಯಿಗೊಂದು ಗೂಡು ಮಾಡುತ್ತೇನೆ ಅಂದರೆ, ಆ ಗೂಡನ್ನು ರಾತ್ರಿ ಯಾರು ಯಾರು ಬಂದು ಮೂಸಿ ನೋಡುತ್ತಾರೆ ಅನ್ನುವುದನ್ನು ಮೊದಲು ಯೋಚಿಸಿಕೊಂಡು ಸುತ್ತಿಗೆ ಹಿಡಿಯಬೇಕು.

ನಮ್ಮ ಊರನ್ನು ನೀವು ಪೇಪರಿನಲ್ಲಿ ಓದಿರುತ್ತೀರಿ. 2019ರ ಆಗಸ್ಟ್ ತಿಂಗಳಲ್ಲಿ ಒಂದೇ ದಿನಕ್ಕೆ 80 ಸೆಂಟಿಮೀಟರಿಗೂ ಮೀರಿ ಮಳೆ ಹೊಯ್ದದ್ದು ಇದೇ ಅವಲಾಂಚಿನಲ್ಲಿ. ಬಯಲುಸೀಮೆಯ ಎಷ್ಟೋ ತಾಲ್ಲೂಕುಗಳಿಗೆ ಇಡೀ ವರ್ಷಕ್ಕೆ ಬರುವ ಮಳೆ ಅದು. ಊಟಿಯಿಂದ ಸುಮಾರು 28 ಕಿಲೋಮೀಟರ್ ದೂರ, ಸಮುದ್ರಮಟ್ಟದಿಂದ 2000 ಮೀಟರಿಗೂ ಎತ್ತರ. 1950ರ ದಶಕದಲ್ಲಿ ಕೊಲಂಬೊ ಯೋಜನೆಯ ಅಡಿ ಕೆನಡಾದವರ ನೆರವಿನಿಂದ ಕುಂದಾ ಜಲವಿದ್ಯುತ್ ಯೋಜನೆ ಶುರುವಾಯಿತು. ಅವಲಾಂಚ್, ಎಮರಾಲ್ಡ್ ಅಣೆಕಟ್ಟುಗಳು ಎದ್ದವು, ಕೆಲಸಗಾರರಿಗೆ ಕ್ಯಾಂಪುಗಳಾದವು. ಅಂಥ ಒಂದು ಕ್ವಾರ್ಟರ್ಸಿಗೆ ಗುಂಡ್ಲುಪೇಟೆಯಿಂದ ಮದುವೆಯಾಗಿ ಬಂದವಳು ನಾನು. ಅಕ್ಕಪಕ್ಕದಲ್ಲಿ ತಮಿಳರು, ಬಡಗರು, ಮಲಯಾಳಿಗಳು. ಎದುರುಮನೆಯ ಬಡಗ ಅಜ್ಜಿ ಅವರ ಮಾತಾಡುತ್ತಾರೆ, ನಾನು ನನ್ನ ಕನ್ನಡ ಆಡುತ್ತೇನೆ. ಇಬ್ಬರಿಗೂ ಪೂರ್ತಿ ಅರ್ಥವಾಗುತ್ತದೆ. ಮಳೆಗಾಲದಲ್ಲಿ ಕರೆಂಟಿನ ತಂತಿಯ ಮೇಲೆ ಮರ ಬಿದ್ದು, ವಿದ್ಯುತ್ತು ಹುಟ್ಟುವ ಊರಿನಲ್ಲೇ ಮೇಣದಬತ್ತಿ ಹಚ್ಚಿ ಕೂರುವುದುಂಟು. ಹೊರಗೆ ಕಾಲಿಡಲಾಗದ, ಟಿವಿ ಹಾಕಲಾಗದ ಅಂಥ ದಿನಗಳಲ್ಲೇ ನಾನು ಗರಗಸ ಹಿಡಿಯುವುದನ್ನು ಕಲಿತದ್ದು.

ನಮ್ಮ ಮನೆಯಲ್ಲಿ ಒಂದು ನಾಟಿ ನಾಯಿ, ಅದರ ಹೆಸರು ದೊರೆ. ಒಂದು ಬೆಕ್ಕು, ಅದರ ಹೆಸರು ಪುಟ್ತಾಯಿ. ಹೆಸರಿಗೆ ದೊರೆಯಾದರೂ ಊಟಿಯ ಆರ್ಟ್ಸ್ ಕಾಲೇಜು ಮೈದಾನದಲ್ಲಿ ಮೇ ತಿಂಗಳು ಸೌತ್ ಆಫ್ ಇಂಡಿಯಾ ಕೆನಲ್ ಕ್ಲಬ್ಬಿನವರು ನಡೆಸುವ ನಾಯಿ ಪ್ರದರ್ಶನದ ಬಾಗಿಲಿಗೂ ಅದನ್ನು ಬಿಡಲಾರರು. ಒಂದು ಕಿವಿ ನೆಟ್ಟಗೆ, ಇನ್ನೊಂದು ಜೋಲು.

ದೊರೆ ಮರಿಯಾಗಿದ್ದಾಗ ಎಲ್ಲರೂ ಹೇಳಿದ್ದು ಒಂದೇ ಮಾತು: ಸಂಜೆ ಆರರ ಮೇಲೆ ಹೊರಗೆ ಬಿಡಬೇಡಿ, ಹೊರಗೆ ಕಟ್ಟಲೂ ಬೇಡಿ. ಕಟ್ಟಿದ ನಾಯಿ ಚಿರತೆಗೆ ಬಡಿಸಿಟ್ಟ ಊಟ. ಬಿಟ್ಟ ನಾಯಿಯಾದರೂ ಓಡೀತು, ಸರಪಳಿಯಲ್ಲಿರುವುದು ಎಲ್ಲಿಗೆ ಓಡಬೇಕು? ಇದು ನಮ್ಮ ಬೆಟ್ಟದವರ ಭಯವಷ್ಟೇ ಅಲ್ಲ. ಮಹಾರಾಷ್ಟ್ರದ ಆಗಿನ ಅಹಮದ್‌ನಗರ ಜಿಲ್ಲೆಯ ಅಕೋಲೆ ಕಡೆ, ಕಾಡೇ ಇಲ್ಲದ ಕಬ್ಬಿನ ಸೀಮೆಯಲ್ಲಿ, ವಿದ್ಯಾ ಅತ್ರೇಯ ಮತ್ತು ಅವರ ಸಂಗಡಿಗರು ಚಿರತೆಯ ಹಿಕ್ಕೆ ಹೆಕ್ಕಿ ಪರೀಕ್ಷೆ ಮಾಡಿದರು. ಚಿರತೆ ತಿಂದ ಮಾಂಸದ ತೂಕದಲ್ಲಿ ಶೇಕಡಾ 39ರಷ್ಟು ನಾಯಿಯದೇ ಅಂತ 2014ರಲ್ಲಿ ಪ್ರಕಟಿಸಿದರು. ಕುರಿ ಮೇಕೆ ಎಲ್ಲ ಅದರ ನಂತರ. ನಾವು ಮನೆ ಕಾಯಲಿ ಅಂತ ಸಾಕುವ ಪ್ರಾಣಿಯ ಲೆಕ್ಕ ಚಿರತೆಯ ಪುಸ್ತಕದಲ್ಲಿ ಬೇರೆಯೇ ಇದೆ.

ಹಾಗಾಗಿ ನಾಯಿಯನ್ನು ಒಳಗಿಡಬೇಕು, ಸರಿ. ಆದರೆ ಆರು ಗಂಟೆಗೆ ಒಳಗೆ ಕೂಡಿಹಾಕಿದ ಮರಿನಾಯಿ ಬೆಳಗಿನ ಆರರವರೆಗೆ ಏನು ಮಾಡುತ್ತದೆ? ಚಪ್ಪಲಿ ತಿನ್ನುತ್ತದೆ. ಮಂಚದ ಕಾಲು ತಿನ್ನುತ್ತದೆ. ಮೂರು ತಿಂಗಳಿಂದ ಆರೇಳು ತಿಂಗಳವರೆಗೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವ ಕಾಲ. ವಸಡು ತುರಿಸುತ್ತದೆ, ಏನಾದರೂ ಕಚ್ಚಲೇಬೇಕು. ಆಮೇಲೆ ಮನೆಯವರಿಗೆ ಸಿಟ್ಟು ಬಂದು ಅದನ್ನು ಹೊರಗೆ ಕಟ್ಟುತ್ತಾರೆ. ಮುಂದಿನ ಕಥೆ ಗೊತ್ತಲ್ಲ. ನಮ್ಮ ಕಡೆ ಎಷ್ಟೋ ನಾಯಿಗಳು ಹೋದದ್ದು ಹೀಗೆಯೇ. ಮನೆಯೊಳಗೆ ಅವಕ್ಕೆ ಆಟ ಇರಲಿಲ್ಲ. ನಾನು ಇವತ್ತು ಹೇಳಹೊರಟಿರುವ ಮರಗೆಲಸ ಇಷ್ಟಕ್ಕಾಗಿಯೇ: ಕಾಡಿನ ಅಂಚಿನ ಮನೆಯಲ್ಲಿ ನಾಯಿ ಬೆಕ್ಕು ಬದುಕುಳಿಯಬೇಕಾದರೆ ಅವುಗಳ ಆಟಕ್ಕೆ ಸೂರಿನ ಕೆಳಗೇ ಜಾಗವಾಗಬೇಕು.

ಮೊದಲು ಜಗಲಿ. ಕ್ವಾರ್ಟರ್ಸಿನ ಮನೆಗಳಿಗೆ ಮುಂದೊಂದು ತೆರೆದ ಜಗಲಿ ಇರುತ್ತದೆ. ಅದನ್ನೇ ಮುಚ್ಚಿಕೊಂಡರೆ ನಾಯಿಗೆ ಮನೆಯೂ ಆಯಿತು, ಮೈದಾನವೂ ಆಯಿತು. ಕೆಳಗಿನ ಮೂರು ಅಡಿಗೆ ಹಲಗೆ ಹೊಡೆಸಿ. ಗಾಳಿ ತಡೆಯುತ್ತದೆ, ಅದಕ್ಕಿಂತ ಮುಖ್ಯವಾಗಿ ಒಳಗೆ ಮಲಗಿದ ನಾಯಿ ಹೊರಗಿನಿಂದ ಕಾಣುವುದಿಲ್ಲ. ಅದರ ಮೇಲಕ್ಕೆ ಸೂರಿನವರೆಗೆ ವೆಲ್ಡ್ ಮೆಷ್. ಕೋಳಿಗೂಡಿಗೆ ಹಾಕುವ ಆರು ಮೂಲೆಯ ತೆಳು ಬಲೆ ಇಲ್ಲಿ ಏನೇನೂ ಪ್ರಯೋಜನವಿಲ್ಲ, ಒಂದು ಪಂಜದೇಟಿಗೆ ಹರಿಯುತ್ತದೆ. ದಪ್ಪ ತಂತಿಯದೇ ಬೇಕು. ಕಣ್ಣು ಒಂದಿಂಚು ಇರಲಿ, ಪಂಜ ಒಳಗೆ ತೂರಬಾರದು.

ಈಗ ಒಂದು ಪ್ರಶ್ನೆ. ಮೆಷ್ಷನ್ನು ಕಂಬದ ಒಳಮೈಗೆ ಹೊಡೆಯಬೇಕೋ ಹೊರಮೈಗೋ? ನೋಡಲು ಚೆನ್ನ ಅಂತ ಮುಕ್ಕಾಲುಪಾಲು ಜನ ಒಳಗೆ ಹೊಡೆಯುತ್ತಾರೆ. ಹೊರಗಿನಿಂದ ಏನಾದರೂ ಭಾರ ಬಿದ್ದರೆ ಆಗ ಮೊಳೆ ಒಂದೊಂದಾಗಿ ಕಿತ್ತು ಬರುತ್ತದೆ. ಹೊರಮೈಗೆ ಹೊಡೆದರೆ ನೂಕಿದಷ್ಟೂ ಮೆಷ್ ಕಂಬಕ್ಕೇ ಒತ್ತಿಕೊಳ್ಳುತ್ತದೆ. ಅದರ ಮೇಲೊಂದು ರೀಪರ್ ಪಟ್ಟಿ ಇಟ್ಟು ಸ್ಕ್ರೂ ಹಾಕಿಬಿಟ್ಟರೆ ಮತ್ತೆ ಅದರ ಯೋಚನೆ ಬೇಡ. ಇತ್ತಲಾರಿನ ಆಚಾರಿ ನನಗೆ ಇದನ್ನು ಹೇಳಿಕೊಟ್ಟದ್ದು. "ಅಕ್ಕಾ, ಮೊಳೆ ಎಳೆತಕ್ಕಲ್ಲ, ಒತ್ತಡಕ್ಕೆ" ಅಂದರು. ಬಾಗಿಲಿಗೆ ಎರಡು ಚಿಲಕ, ಒಂದು ಮೇಲೆ, ಒಂದು ಕೆಳಗೆ. ಒಂದೇ ಚಿಲಕವಿದ್ದರೆ ಬಾಗಿಲಿನ ಕೆಳಮೂಲೆ ಬಾಗಿ ಸಂದು ಬಿಡುತ್ತದೆ.

ಜಗಲಿಯೊಳಗೆ ಮಲಗುವ ಪೆಟ್ಟಿಗೆ. ಪ್ರೀತಿಯಿಂದ ದೊಡ್ಡದು ಮಾಡಿಸಬೇಡಿ. ನಾಯಿಯ ಮೈ ಶಾಖವೇ ಪೆಟ್ಟಿಗೆಯನ್ನು ಬಿಸಿ ಮಾಡಬೇಕು. ಪೆಟ್ಟಿಗೆ ದೊಡ್ಡದಾದರೆ ಅದು ರಾತ್ರಿಯಿಡೀ ನಡುಗುತ್ತದೆ. ಒಳಗೆ ಹೋಗಿ, ಒಂದು ಸುತ್ತು ತಿರುಗಿ, ಮುದುಡಿ ಮಲಗುವಷ್ಟು ಜಾಗ ಸಾಕು. ತಳ ನೆಲದಿಂದ ನಾಲ್ಕು ಬೆರಳು ಮೇಲಿರಲಿ. ನಮ್ಮಲ್ಲಿ ಮುಂಗಾರಿನ ಗಾಳಿ ನೈಋತ್ಯದಿಂದ ಬಂದು ಅಡ್ಡಡ್ಡ ಹೊಡೆಯುವುದರಿಂದ ಪೆಟ್ಟಿಗೆಯ ಬಾಯಿ ಪೂರ್ವಕ್ಕೆ. ಹಾಸಿಗೆಗೆ ಹಳೆ ಕಂಬಳಿಗಿಂತ ಗೂಡಲೂರಿನ ಕಡೆಯಿಂದ ಬರುವ ಬತ್ತದ ಹುಲ್ಲು ವಾಸಿ. ಬಟ್ಟೆ ತೇವ ಹೀರಿಕೊಂಡು ಬಿಡುವುದೇ ಇಲ್ಲ. ಹುಲ್ಲು ಒದ್ದೆಯಾದರೆ ಎಸೆದು ಬೇರೆ ಹಾಕಬಹುದು. ಡಿಸೆಂಬರ್ ಜನವರಿಯಲ್ಲಿ ಇಲ್ಲಿ ಶಾಖ ಸೊನ್ನೆಯ ಹತ್ತಿರಕ್ಕೆ, ಕೆಲವು ಬೆಳಗು ಅದಕ್ಕೂ ಕೆಳಕ್ಕೆ ಇಳಿಯುತ್ತದೆ, ಹುಲ್ಲುಗಾವಲು ಬೆಳ್ಳಗೆ ಹಿಮ ಕಟ್ಟುತ್ತದೆ. ಆಗ ಈ ನಾಲ್ಕು ಬೆರಳಿನ ಬೆಲೆ ತಿಳಿಯುತ್ತದೆ.

ಮರದ ವಿಷಯ ಒಂದು ಮಾತು. ಸುತ್ತ ಕಾಡಿದೆ ಅಂತ ಕಾಡಿನ ಕೊಂಬೆಗೆ ಕೈ ಹಾಕುವಂತಿಲ್ಲ, ಬಿದ್ದದ್ದಾದರೂ. ಟೀ ತೋಟದವರು ನೆರಳಿಗೆ ಬೆಳೆಸುವ ಸಿಲ್ವರ್ ಓಕ್ ಹಲಗೆ ಮರದ ಮಿಲ್ಲಿನಲ್ಲಿ ಸಿಗುತ್ತದೆ. ಹಗುರ, ಮೊಳೆ ಚೆನ್ನಾಗಿ ಹಿಡಿಯುತ್ತದೆ, ನನ್ನಂಥವರ ಗರಗಸಕ್ಕೂ ಬಗ್ಗುತ್ತದೆ. ಹಿಂದೆ ಟೀ ಪುಡಿ ತುಂಬಿ ಹಡಗಿಗೆ ಕಳಿಸುತ್ತಿದ್ದ ಪ್ಲೈವುಡ್ ಪೆಟ್ಟಿಗೆಗಳು ಈಗ ಅಪರೂಪ, ಎಲ್ಲ ಕಾಗದದ ಮೂಟೆಯಾಗಿದೆ. ಯಾರ ಮನೆಯ ಅಟ್ಟದಲ್ಲಾದರೂ ಒಂದು ಸಿಕ್ಕರೆ ಬಿಡಬೇಡಿ. ಅಂಚಿನ ತಗಡಿನ ಪಟ್ಟಿ, ಒಳಗಿನ ಬೆಳ್ಳಿ ಕಾಗದ ಕಿತ್ತು, ಮೊಳೆಗಳನ್ನೆಲ್ಲ ತೆಗೆದು, ಅಂಚನ್ನು ಸ್ಯಾಂಡ್ ಪೇಪರಿನಲ್ಲಿ ಉಜ್ಜಿದರೆ ಬೆಕ್ಕಿಗೆ ಅದಕ್ಕಿಂತ ಒಳ್ಳೆಯ ಮನೆಯಿಲ್ಲ. ವಾರ್ನಿಷ್ ಬೇಡ. ಬೆಕ್ಕು ಮೈಯೆಲ್ಲ ನೆಕ್ಕಿಕೊಳ್ಳುವ ಪ್ರಾಣಿ, ಮೈಗಂಟಿದ್ದು ಹೊಟ್ಟೆಗೆ ಹೋಗುತ್ತದೆ. ಅದೂ ಅಲ್ಲದೆ ಜೂನಿನಲ್ಲಿ ಬಳಿದ ವಾರ್ನಿಷ್ ನಮ್ಮೂರಿನಲ್ಲಿ ದಸರಾ ಹೊತ್ತಿಗೆ ಒಣಗಿದರೆ ಪುಣ್ಯ.

ಬೆಕ್ಕಿನ ಮರಗೆಲಸ ನಾಯಿಯದಕ್ಕಿಂತ ಬೇರೆ. ನಾಯಿಗೆ ಮನೆಯೆಂದರೆ ನೆಲ. ಬೆಕ್ಕಿಗೆ ಗೋಡೆಯೂ ಮನೆಯೇ. ಇದ್ದ ಒಂದೇ ಕೋಣೆಯನ್ನು ನಾಲ್ಕು ಹಲಗೆ ಹೊಡೆದು ಎರಡರಷ್ಟು ಮಾಡಿಕೊಡಬಹುದು. ಒಂದೊಂದೂವರೆ ಅಡಿ ಅಂತರದಲ್ಲಿ, ಒಂದರ ನೇರಕ್ಕೆ ಒಂದಿಲ್ಲದ ಹಾಗೆ, ಹತ್ತಿಂಚು ಅಗಲದ ಹಲಗೆಗಳನ್ನು ಮೆಟ್ಟಿಲಾಗಿ ಗೋಡೆಗೆ ಕೂರಿಸಿ. ಬೆಕ್ಕು ನಾಲ್ಕು ಕಿಲೋ ಇರಬಹುದು, ಆದರೆ ಹಾರಿ ಬಿದ್ದಾಗ ಹಲಗೆಯ ಮೇಲೆ ಬೀಳುವ ಹೊಡೆತ ಅದರ ಹಲವು ಪಟ್ಟು. ಒಂದು ಸಲ ಹಲಗೆ ಅಲುಗಿದರೆ ಮುಗಿಯಿತು, ಬೆಕ್ಕು ಮತ್ತೆ ಆ ಕಡೆ ತಿರುಗಿ ನೋಡುವುದಿಲ್ಲ. ಆದ್ದರಿಂದ ಎಲ್ ಆಂಗಲ್ ಹಾಕಿ, ಗೋಡೆಯಲ್ಲಿ ಗಿಟ್ಟಿ ಕೂರಿಸಿ, ಉದ್ದದ ಸ್ಕ್ರೂ ಬಿಗಿಯಿರಿ. ಮೇಲೆ ಗೋಣಿತಾಟು ಹೊಡೆದರೆ ಉಗುರಿಗೆ ಹಿಡಿತ. ಕೊನೆಯ ಹಲಗೆ ಕಿಟಕಿಯ ಮಟ್ಟಕ್ಕೆ ಬರಲಿ. ಪುಟ್ತಾಯಿ ಅಲ್ಲಿ ಕೂತು ಇಡೀ ಬೆಟ್ಟಕ್ಕೆ ತಾನೇ ಮೇಸ್ತ್ರಿ ಅನ್ನುವ ಗತ್ತಿನಲ್ಲಿ ಹೊರಗೆ ನೋಡುತ್ತದೆ. ಮೀನು ಮರಿಮಾಡುವ ಕೇಂದ್ರ ಇರುವ ದಿಕ್ಕೂ ಅದೇ. 1907ರಿಂದ ಅಲ್ಲಿ ಟ್ರೌಟ್ ಮೀನು ಸಾಕುತ್ತಿದ್ದಾರೆ. ಅದರ ಸುದ್ದಿ ಪುಟ್ತಾಯಿಗೆ ಯಾರು ಮುಟ್ಟಿಸಿದರೋ ಕಾಣೆ.

ಪರಚುವ ಕಂಬ ಇಲ್ಲದಿದ್ದರೆ ಸೋಫಾವೇ ಕಂಬ. ಬೆಕ್ಕು ಪರಚುವುದು ಹಟಕ್ಕಲ್ಲ. ಉಗುರಿನ ಹಳೆಯ ಹೊರಪದರ ಕಳಚಬೇಕು, ಬೆನ್ನು ಸೆಟೆದು ಮೈಮುರಿಯಬೇಕು, ಬೆರಳ ಸಂದಿಯ ವಾಸನೆ ಬಿಟ್ಟು ಇದು ನನ್ನ ಜಾಗ ಅಂತ ಬರೆದಿಡಬೇಕು. ಇಷ್ಟೆಲ್ಲ ಒಂದೇ ಕೆಲಸದಲ್ಲಿ ಆಗಬೇಕಾದರೆ ಕಂಬ ಮೂರು ಅಡಿಯಾದರೂ ಇರಬೇಕು. ಅಂಗಡಿಯಲ್ಲಿ ಚಂದದ ಬಣ್ಣ ಬಳಿದು ಮಾರುವ ಒಂದೂವರೆ ಅಡಿಯದು ಯಾವ ಬೆಕ್ಕಿಗೂ ಸಾಲದು. ಅದನ್ನು ಮಾಡಿದವರು ಬೆಕ್ಕು ಮೈಮುರಿಯುವುದನ್ನು ಕಂಡಿರಲಾರರು. ಒಂದು ಗಟ್ಟಿ ಗಳುವಿಗೆ ಕತ್ತಾಳೆ ಹಗ್ಗವನ್ನೋ ತೆಂಗಿನ ನಾರಿನ ಹಗ್ಗವನ್ನೋ ಒತ್ತಾಗಿ ಸುತ್ತಿ, ಬಾಗಿಲ ಚೌಕಟ್ಟಿಗೇ ಬೋಲ್ಟು ಹಾಕಿಬಿಡಿ. ಸೋಫಾ ಉಳಿಯುತ್ತದೆ.

ಹಗ್ಗದ ಮಾತು ಬಂದಾಗ ಉಣ್ಣೆಯ ಮಾತನ್ನೂ ಹೇಳಬೇಕು. ಚಳಿ ಊರು, ಪ್ರತಿ ಮನೆಯಲ್ಲೂ ಸ್ವೆಟರ್ ಹೆಣೆಯುವವರಿದ್ದಾರೆ. ಉಣ್ಣೆಯ ಉಂಡೆಯ ಜೊತೆ ಆಡುವ ಬೆಕ್ಕಿನ ಮರಿಯ ಚಿತ್ರ ಕ್ಯಾಲೆಂಡರಿನಲ್ಲಿ ಬಹಳ ಮುದ್ದು. ಆದರೆ ಬೆಕ್ಕಿನ ನಾಲಗೆಯ ಮುಳ್ಳು ಒಳಮುಖವಾಗಿರುತ್ತದೆ, ಬಾಯಿಗೆ ಹೋದ ಎಳೆಯನ್ನು ಉಗುಳಲು ಅದಕ್ಕೆ ಆಗುವುದಿಲ್ಲ, ನುಂಗುತ್ತಲೇ ಹೋಗುತ್ತದೆ. ಕರುಳಿನಲ್ಲಿ ಆ ಎಳೆ ಬಿಗಿದರೆ ಆಪರೇಷನ್ನೇ ಗತಿ. ಎದುರುಮನೆ ಅಜ್ಜಿ ಈಗ ಹೆಣಿಗೆ ಮುಗಿದ ಕೂಡಲೇ ಉಂಡೆಯನ್ನು ಬಿಸ್ಕತ್ತಿನ ಡಬ್ಬಿಗೆ ಹಾಕಿ ಮುಚ್ಚುತ್ತಾರೆ.

ಇನ್ನು ಆಟ. ನಾಯಿ ಮುಂಗಾಲು ಚಾಚಿ, ಎದೆಯನ್ನು ನೆಲಕ್ಕೆ ತಾಗಿಸಿ, ಹಿಂಭಾಗ ಮೇಲೆತ್ತಿ ಬಾಲ ಆಡಿಸುತ್ತದಲ್ಲ, ಅದು ಆಟಕ್ಕೆ ಕರೆ. ಅಮೆರಿಕದ ಮಾರ್ಕ್ ಬೆಕಾಫ್ ಅನ್ನುವ ವಿಜ್ಞಾನಿ ನಾಯಿ, ತೋಳ, ಕೊಯೋಟೆ ಮರಿಗಳು ಆಡುವುದನ್ನು ನೋಡಿ 1995ರಲ್ಲಿ ಒಂದು ಸೊಗಸಾದ ವಿಷಯ ಬರೆದರು. ಜೋರಾಗಿ ಕಚ್ಚಿ ತಲೆ ಕೊಡವುವಂಥ, ಎದುರಿನವರು ಜಗಳವೆಂದು ತಿಳಿಯಬಹುದಾದ ಪಟ್ಟಿನ ಸ್ವಲ್ಪ ಮುಂಚೆಯೋ ಆದಮೇಲೆಯೋ ಮರಿಗಳು ಈ ಭಂಗಿ ಹಾಕುತ್ತವಂತೆ. ಇದು ಆಟ ಮಾರಾಯ, ಬೇಜಾರು ಮಾಡಿಕೊಳ್ಳಬೇಡ ಅನ್ನುವ ಹಾಗೆ. ಎಷ್ಟು ಜೋರಾಗಿ ಕಚ್ಚಬಹುದು ಅನ್ನುವುದನ್ನು ಮರಿ ಕಲಿಯುವುದು ಒಡಹುಟ್ಟಿದ ಮರಿಗಳ ಜೊತೆ ಹೀಗೆ ಆಡಿಯೇ. ಎಂಟು ವಾರ ತುಂಬುವ ಮೊದಲೇ ತಾಯಿಯಿಂದ ಬಿಡಿಸಿ ತಂದ ಮರಿಗೆ ಆ ಪಾಠ ಅರ್ಧವಾಗಿರುತ್ತದೆ, ಉಳಿದರ್ಧವನ್ನು ನಮ್ಮ ಕೈಮೇಲೆ ಕಲಿಯುತ್ತದೆ.

ಕೈ ಉಳಿಯಬೇಕಾದರೆ ಎಳೆದಾಡಲು ಏನಾದರೂ ಕೊಡಬೇಕು. ಹಳೆಯ ಪಂಚೆಯನ್ನು ಉದ್ದಕ್ಕೆ ಹರಿದು ಜಡೆ ಹೆಣೆದು ಎರಡು ಕಡೆ ಗಂಟು ಹಾಕಿದರೆ ಸಾಕು. ನಮ್ಮ ಯಜಮಾನರ ಪಂಚೆಗಳು ಹರಿಯುವ ಮೊದಲೇ ಹಳೆಯವಾಗತೊಡಗಿದವು ಅನ್ನುವ ತಕರಾರು ಮನೆಯಲ್ಲಿ ಇದೆ, ಇರಲಿ. ಇನ್ನೊಂದು ನನಗೆ ಬಹಳ ಇಷ್ಟದ ಸಾಮಾನು ಇದೆ. ಮೂರಿಂಚಿನ ಪಿವಿಸಿ ಪೈಪು ಒಂದು ಅಡಿ, ಎರಡು ಕಡೆ ಮುಚ್ಚಳ, ಮೈತುಂಬ ಅಲ್ಲಲ್ಲಿ ಹೆಬ್ಬೆರಳು ಗಾತ್ರದ ತೂತು. ನಡುವೆ ಅಡ್ಡಕ್ಕೆ ಕಂಬಿ ತೂರಿಸಿ ಎರಡು ರೀಪರಿನ ನಡುವೆ ತಿರುಗುವ ಹಾಗೆ ನಿಲ್ಲಿಸುವುದು. ಒಳಗೆ ಒಣಗಿದ ರಾಗಿ ರೊಟ್ಟಿಯ ಚೂರು. ನಾಯಿ ಮೂತಿಯಿಂದ, ಪಂಜದಿಂದ ಪೈಪನ್ನು ತಿರುಗಿಸಿದಷ್ಟು ಚೂರು ಉದುರುತ್ತದೆ. ತೂತಿನ ಅಂಚನ್ನು ಚೆನ್ನಾಗಿ ಉಜ್ಜಿ ನುಣುಪು ಮಾಡಿರಬೇಕು, ನಾಲಗೆ ಕೊಯ್ಯಬಾರದು. ಒಂದು ಹಿಡಿ ರೊಟ್ಟಿಯನ್ನು ಗಬಕ್ಕನೆ ತಿಂದು ಮುಗಿಸುವ ದೊರೆ ಈ ಪೈಪಿನ ಮುಂದೆ ಇಡೀ ಸಂಜೆ ಕಳೆಯುತ್ತದೆ.

ಪುಟ್ತಾಯಿಗೂ ಅಂಥದ್ದೇ ಒಂದು ಕೊಟ್ಟರೆ? ತಿರುಗಿಯೂ ನೋಡಲಿಲ್ಲ. ಇದರಲ್ಲಿ ಪುಟ್ತಾಯಿಯ ತಪ್ಪಿಲ್ಲ. ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದವರು 2021ರಲ್ಲಿ ಪರೀಕ್ಷೆ ಮಾಡಿ ನೋಡಿದ್ದಾರೆ. ಎಷ್ಟೋ ಪ್ರಾಣಿಗಳು ಬಿಟ್ಟಿ ಊಟ ಪಕ್ಕದಲ್ಲೇ ಇದ್ದರೂ ದುಡಿದು ತಿನ್ನುವ ಊಟವನ್ನು ಆರಿಸುತ್ತವೆ, ಬೆಕ್ಕು ಮಾತ್ರ ತಟ್ಟೆಯ ಕಡೆಗೇ ಹೋಗುತ್ತದೆ. ಬೆಕ್ಕಿಗೆ ಬೇಕಾದದ್ದು ಊಟದ ಆಟ ಅಲ್ಲ, ಬೇಟೆಯ ಆಟ. ಒಂದು ಬಿದಿರ ಕಡ್ಡಿ, ತುದಿಗೆ ದಾರ, ದಾರಕ್ಕೆ ಕೋಳಿ ಗರಿ. ನಾವೇ ಕೂತು ಆಡಿಸಬೇಕು, ಆಡಿಸಿ ಎತ್ತಿಡಬೇಕು. ಇಂಗ್ಲೆಂಡಿನ ಎಕ್ಸಟರ್ ವಿಶ್ವವಿದ್ಯಾಲಯದವರು ಮನೆಯಿಂದ ಹೊರಗೆ ಹೋಗಿ ಬೇಟೆಯಾಡುವ 355 ಬೆಕ್ಕುಗಳ ಲೆಕ್ಕ ಇಟ್ಟರು. ಮನೆಯವರು ದಿನಕ್ಕೆ 5ರಿಂದ 10 ನಿಮಿಷ ಹೀಗೆ ಆಡಿಸಿದ ಬೆಕ್ಕುಗಳು ಹೊರಗಿನಿಂದ ಕೊಂದು ತರುವ ಪ್ರಾಣಿಗಳು ಕಾಲುಭಾಗದಷ್ಟು ಕಡಿಮೆಯಾದವು. ಇದೂ 2021ರದೇ ಸುದ್ದಿ.

ಈ ಕಾಲುಭಾಗ ನಮ್ಮಲ್ಲಿ ಸಣ್ಣ ಮಾತಲ್ಲ. ನಮ್ಮ ಶೋಲಾ ಕಾಡಿನಲ್ಲಿರುವ ಕೆಲವು ಹಕ್ಕಿಗಳು, ನೀಲಗಿರಿ ನಗೆಮಲ್ಲ, ನೀಲಗಿರಿ ಶೋಲಕಿಳಿಯಂಥವು, ಈ ಎತ್ತರದ ಬೆಟ್ಟಗಳನ್ನು ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಇಲ್ಲ. ಸುತ್ತ ಬಯಲು, ನಡುವೆ ತಂಪು ಬೆಟ್ಟ. ಅವಕ್ಕೆ ಇದು ದ್ವೀಪ. ನಿಜವಾದ ದ್ವೀಪವೊಂದರ ಕಥೆ ಕೇಳಿ. ನ್ಯೂಜಿಲೆಂಡಿನ ಸ್ಟೀಫನ್ಸ್ ದ್ವೀಪದಲ್ಲಿ ಹಡಗುಗಳಿಗಾಗಿ ದೀಪಸ್ತಂಭ ಕಟ್ಟಿದರು, ಕಾವಲಿನವರ ಜೊತೆ ಬೆಕ್ಕು ಬಂತು. 1894ರಲ್ಲಿ ಆ ಬೆಕ್ಕು ಕಚ್ಚಿ ತಂದ ಪುಟ್ಟ ಹಕ್ಕಿ ವಿಜ್ಞಾನಿಗಳಿಗೆ ಹೊಸದು. ಅದರ ವಿವರ ಅಚ್ಚಾಗಿ ಕೆಲವೇ ವರ್ಷಗಳಲ್ಲಿ, ದ್ವೀಪದಲ್ಲಿ ಬೆಕ್ಕುಗಳು ಹೆಚ್ಚಿ, ಹಕ್ಕಿ ನಿರ್ವಂಶವಾಯಿತು. ಹಾಗಾಗಿ ಪುಟ್ತಾಯಿ ಸಂಜೆಗೆ ಒಳಗೆ. ಚಿರತೆಯ ಭಯಕ್ಕೆ ಅರ್ಧ, ಹಕ್ಕಿಯ ಭಯಕ್ಕೆ ಅರ್ಧ.

ನಾಯಿಯದೂ ಇದೇ ಲೆಕ್ಕ. ಚಿರತೆಯಿಂದ ನಾಯಿಗೆ ಅಪಾಯ ಅಂತ ನಾವು ಗೋಳಾಡುತ್ತೇವೆ. ನಾಯಿಯಿಂದ ಕಾಡಿಗೆ ಇರುವ ಅಪಾಯವನ್ನು ನೆನೆಯುವುದು ಕಡಿಮೆ. ಆಫ್ರಿಕಾದ ಸೆರೆಂಗೆಟಿಯಲ್ಲಿ 1994ರಲ್ಲಿ ಸಿಂಹಗಳ ಮೂರನೇ ಒಂದು ಪಾಲು ಸತ್ತದ್ದು ಕೆನೈನ್ ಡಿಸ್ಟೆಂಪರ್ ರೋಗದಿಂದ. ಸುತ್ತಲ ಹಳ್ಳಿಗಳ ನಾಯಿಗಳಲ್ಲಿದ್ದ ರೋಗ ಅದು. ನಮ್ಮ ಗುಜರಾತಿನ ಗಿರ್ ಕಾಡಿನಲ್ಲೂ 2018ರಲ್ಲಿ ಇದೇ ವೈರಸ್ಸು ಸಿಂಹಗಳನ್ನು ಬಲಿ ತೆಗೆದುಕೊಂಡಿತು. ನಮ್ಮ ಬೆನ್ನಿಗೇ ಮುಕುರ್ತಿ ರಾಷ್ಟ್ರೀಯ ಉದ್ಯಾನ. ಹುಲಿಯೂ ಇದೆ, ಸೀಳುನಾಯಿಯೂ ಇದೆ. ನನ್ನ ತವರಿಗೆ ಹೋಗುವ ಬಂಡೀಪುರದ ದಾರಿಯನ್ನು 2009ರಿಂದ ರಾತ್ರಿ 9ರಿಂದ ಬೆಳಗಿನ 6ರವರೆಗೆ ಮುಚ್ಚುತ್ತಾರಲ್ಲ, ಕಾಡಿನ ಪ್ರಾಣಿಗಳಿಗೆ ಅಷ್ಟು ಹೊತ್ತಾದರೂ ದಾರಿ ಬಿಡಿ ಅಂತ. ಲಾರಿಗೆ ಆ ನಿಯಮವಾದರೆ ದೊರೆಗೆ ಯಾಕೆ ಬೇಡ?

ಒಳಗೆ ಇಟ್ಟದ್ದಾಯಿತು. ಈಗ ಒಳಗಿನ ಅಪಾಯ. ಊಟಿಗೆ ಬಂದವರು ಹೋಗುವಾಗ ಏನೇನು ಕೊಳ್ಳುತ್ತಾರೆ ನೆನಪಿಸಿಕೊಳ್ಳಿ. ನೀಲಗಿರಿ ಎಣ್ಣೆ, ವಿಂಟರ್‌ಗ್ರೀನ್ ಎಣ್ಣೆ, ಮನೆಯಲ್ಲಿ ಮಾಡಿದ ಚಾಕೊಲೇಟು. ಮೇಟುಪಾಳ್ಯಂ ಮಂಡಿಗೆ ಇಲ್ಲಿಂದ ಲಾರಿಗಟ್ಟಲೆ ಹೋಗುವುದರಲ್ಲಿ ಬೆಳ್ಳುಳ್ಳಿ ಒಂದು. ಹಸಿರುಮನೆಗಳಲ್ಲಿ ಬೆಳೆದು ಪಟ್ಟಣಕ್ಕೆ ಕಳಿಸುವ ಹೂಗಳಲ್ಲಿ ಲಿಲ್ಲಿ ಒಂದು. ನಮ್ಮ ಜಿಲ್ಲೆಯ ಹೆಮ್ಮೆಯ ಈ ಪಟ್ಟಿ ಹಾಗೇ ನಾಯಿ ಬೆಕ್ಕಿನ ವಿಷದ ಪಟ್ಟಿಯೂ ಹೌದು!

ಚಾಕೊಲೇಟಿನಲ್ಲಿರುವ ಥಿಯೊಬ್ರೊಮಿನ್ ನಾಯಿಯ ಮೈಯಲ್ಲಿ ಬೇಗ ಕರಗುವುದಿಲ್ಲ, ಹೃದಯಕ್ಕೆ ಹೊಡೆಯುತ್ತದೆ. ಬಣ್ಣ ಕಪ್ಪಾದಷ್ಟೂ ಅಪಾಯ ಹೆಚ್ಚು. ಈರುಳ್ಳಿ ಬೆಳ್ಳುಳ್ಳಿ ಎರಡೂ ನಾಯಿ ಬೆಕ್ಕುಗಳ ರಕ್ತಕಣ ಒಡೆಯುತ್ತವೆ. ನಾವು ತಿಂದುಳಿದ ಸಾರನ್ನ ಹಾಕುವ ವಾಡಿಕೆ ಇದೆಯಲ್ಲ, ಒಗ್ಗರಣೆಯ ಬೆಳ್ಳುಳ್ಳಿ ಇರದ ಸಾರು ಯಾವುದು? ನೆಗಡಿಗೆ ಎದೆಗೆ ಉಜ್ಜುವ ನೀಲಗಿರಿ ಎಣ್ಣೆಯನ್ನು ಕೆಲವರು ನೆಗಡಿಯಾದ ಬೆಕ್ಕಿಗೂ ಹಚ್ಚುತ್ತಾರೆ. ದಯವಿಟ್ಟು ಹಚ್ಚಬೇಡಿ. ಅಂಥ ಎಣ್ಣೆಗಳನ್ನು ಅರಗಿಸುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಕಡಿಮೆ. ವಿಂಟರ್‌ಗ್ರೀನ್ ಎಣ್ಣೆ ಆಸ್ಪಿರಿನ್ ಜಾತಿಯದು, ಅದು ಇನ್ನೂ ಕೆಟ್ಟದ್ದು. ಲಿಲ್ಲಿಯಂತೂ ಬೆಕ್ಕಿಗೆ ಯಮ. ಎಲೆ ಬೇಡ, ಮೈಗಂಟಿದ ಪರಾಗವನ್ನು ನೆಕ್ಕಿಕೊಂಡರೂ ಮೂತ್ರಪಿಂಡ ಕೆಡುತ್ತದೆ. ನಮ್ಮಲ್ಲಿ ಜೌಗಿನ ಬದಿಯಲ್ಲಿ ತಾನಾಗಿ ಬೆಳೆಯುವ ಬಿಳಿ ಕೊಳವೆಯಂಥ ಹೂವಿದೆಯಲ್ಲ, ಆರಮ್ ಲಿಲ್ಲಿ ಅನ್ನುತ್ತಾರೆ, ಅದು ನಿಜವಾದ ಲಿಲ್ಲಿಯಲ್ಲ. ಬಾಯಿ ಉರಿಸುತ್ತದೆ, ಜೊಲ್ಲು ಸುರಿಸುತ್ತದೆ, ಸಾಮಾನ್ಯವಾಗಿ ಪ್ರಾಣ ತೆಗೆಯುವುದಿಲ್ಲ. ಹೂದಾನಿಗೆ ಎರಡೂ ಬೇಡ.

ಇದಕ್ಕೆ ಮರಗೆಲಸ ಅತಿ ಸುಲಭ. ಒಂದು ಗೋಡೆ ಕಪಾಟು, ಬಾಗಿಲಿಗೆ ತಿರುಗಿಸುವ ಮರದ ಬಿರಟೆ. ಅಯಸ್ಕಾಂತದ ಹಿಡಿ ಹಾಕಿಸಬೇಡಿ. ಬೆಕ್ಕು ಬಾಗಿಲಿನ ಕೆಳಗೆ ಪಂಜ ತೂರಿಸಿ ಎಳೆದು ತೆರೆಯುವುದನ್ನು ಒಂದೇ ಮಧ್ಯಾಹ್ನದಲ್ಲಿ ಕಲಿಯುತ್ತದೆ.

ಅಗ್ಗಿಷ್ಟಿಕೆಯ ಸುತ್ತ ಉಳಿದ ಮೆಷ್ ತುಂಡಿನಿಂದ ಒಂದು ಬೇಲಿ ಮಾಡಿ. ಇದ್ದಲ ಬೆಂಕಿ ಮಾತ್ರ ಮುಚ್ಚಿದ ಕೋಣೆಯಲ್ಲಿ ಬೇಡವೇ ಬೇಡ. ಚಳಿ ಅಂತ ಕಿಟಕಿ ಮುಚ್ಚಿ ಕೆಂಡದ ಬಾಂಡ್ಲಿ ಇಟ್ಟು ಮಲಗಿದರೆ ಆ ವಿಷಗಾಳಿ ನಾಯಿ, ಬೆಕ್ಕು, ಮನುಷ್ಯ ಅಂತ ನೋಡುವುದಿಲ್ಲ.

ಕೊನೆಗೆ ಕಚ್ಚಿದ, ಪರಚಿದ ಗಾಯ. ಆಟದಲ್ಲಿ ಹಲ್ಲು ತಾಗಿತು, ನಮ್ಮ ನಾಯಿಯೇ ತಾನೆ ಅಂತ ಅರಿಶಿನ ಒತ್ತಿ ಸುಮ್ಮನಾಗುವವರು ಇನ್ನೂ ಇದ್ದಾರೆ. ನಮ್ಮ ಜಿಲ್ಲೆಯಲ್ಲಿ ಹಾಗೆ ಮಾಡುವುದಕ್ಕೆ ನೆಪವೇ ಇಲ್ಲ. 1902ರಲ್ಲಿ ಲಿಲಿ ಪೇಕೆನ್ಹಮ್ ವಾಲ್ಶ್ ಅನ್ನುವ ಇಂಗ್ಲಿಷ್ ಹೆಣ್ಣುಮಗಳು ರೇಬಿಸ್ ರೋಗದಿಂದ ತೀರಿಕೊಂಡರು. ಆಗ ಹಿಂದೂಸ್ತಾನದಲ್ಲಿ ಇದರ ಚುಚ್ಚುಮದ್ದಿನ ಸಂಸ್ಥೆ ಇದ್ದದ್ದು ದೂರದ ಕಸೌಲಿಯಲ್ಲಿ. ದಕ್ಷಿಣದವರು ಅಲ್ಲಿಗೆ ಮುಟ್ಟುವಷ್ಟರಲ್ಲಿ ಕಾಲ ಮೀರುತ್ತಿತ್ತು. ಆ ಸಾವಿನಿಂದ ಎದ್ದ ಕೂಗಿಗೆ ಹೆನ್ರಿ ಫಿಪ್ಸ್ ಅನ್ನುವ ಅಮೆರಿಕದ ದಾನಿ ಕೊಟ್ಟ ಒಂದು ಲಕ್ಷ ರೂಪಾಯಿ ಸೇರಿ, 1907ರಲ್ಲಿ ಕೂನೂರಿನಲ್ಲಿ ಪಾಶ್ಚರ್ ಸಂಸ್ಥೆ ಶುರುವಾಯಿತು. ಅವಲಾಂಚಿಗೆ ಟ್ರೌಟ್ ಕೇಂದ್ರ ಬಂದ ವರ್ಷವೇ. ಅಲ್ಲಿಂದೀಚೆಗೆ ಎಷ್ಟು ಜನರ ಜೀವ ಆ ಬೆಟ್ಟದ ಮೇಲಿನ ಕಟ್ಟಡದ ಮದ್ದಿನಿಂದ ಉಳಿದಿದೆಯೋ ಲೆಕ್ಕವಿಲ್ಲ.

ಆದ್ದರಿಂದ ಹಲ್ಲು ತಾಗಿ ಚರ್ಮ ಕಿತ್ತರೆ ಮೊದಲು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಂಡೇ ತೊಳೆಯಿರಿ, ನಮಗೆ ಹದಿನೈದು ಅನ್ನಿಸಿದ್ದು ಸಾಮಾನ್ಯವಾಗಿ ಎರಡು ನಿಮಿಷ ಆಗಿರುತ್ತದೆ. ಅರಿಶಿನ, ಕಾಫಿ ಪುಡಿ, ಸುಣ್ಣ ಏನೂ ಬೇಡ. ಅವತ್ತೇ ಆಸ್ಪತ್ರೆಗೆ ಹೋಗಿ. ನಾಯಿ ಬೆಕ್ಕುಗಳಿಗೆ ಮರಿಯಿದ್ದಾಗಿಂದಲೇ ರೇಬಿಸ್ ಮದ್ದು, ಆಮೇಲೆ ವರ್ಷ ವರ್ಷ ಡಾಕ್ಟರು ಹೇಳಿದ ಹಾಗೆ.

ಮದ್ದು ಹಾಕಿಸಲು ಪುಟ್ತಾಯಿಯನ್ನು ಊಟಿಗೆ ಕರೆದುಕೊಂಡು ಹೋಗುವುದೇ ಈಗ ನನ್ನ ಮುಂದಿರುವ ಕೆಲಸ. ಚೀಲದಲ್ಲಿ ಹಾಕಿಕೊಂಡು ಹೋದರೆ ಬಸ್ಸಿನಲ್ಲಿ ರಾಮಾಯಣ. ಅದಕ್ಕೆ ಸಿಲ್ವರ್ ಓಕಿನ ಒಂದು ಪೆಟ್ಟಿಗೆ ಮಾಡುತ್ತಿದ್ದೇನೆ, ಮುಂದೆ ಮೆಷ್, ಮೇಲೂ ಒಂದು ಬಾಗಿಲು. ಹೆದರಿದ ಬೆಕ್ಕನ್ನು ಮುಂದಿನಿಂದ ಎಳೆಯಬಾರದು, ಮೇಲಿನಿಂದ ಎತ್ತಬೇಕು. ಎಮರಾಲ್ಡ್ ಬಸ್ಸಿನ ಸೀಟಿನ ಕೆಳಗೆ ಎಷ್ಟು ಎತ್ತರ ಇದೆ ಅಂತ ಟೇಪು ಹಿಡಿದು ಬಗ್ಗಿ ಅಳೆಯುತ್ತಿದ್ದಾಗ ಕಂಡಕ್ಟರು, "ಏನಮ್ಮಾ, ಬಸ್ಸು ಕೊಳ್ಳುತ್ತೀರಾ?" ಅಂತ ಕೇಳಿದರು. ವಿಷಯ ಹೇಳಿದೆ. ಪೆಟ್ಟಿಗೆ ಸೀಟಿನ ಕೆಳಗೆ ಹಿಡಿದರೆ ಲಗೇಜು ಚಾರ್ಜು ಇಲ್ಲ, ಕೂಗಿದರೆ ಮಾತ್ರ ಒಂದು ಟಿಕೆಟ್ಟು ಅಂದಿದ್ದಾರೆ.